ದಕ್ಷಿಣದ ಪರಿಮಳ, ಫ್ರೆಂಚ್ ಸೀಸೆ

ಮನೆಯಲ್ಲಿ ಅವಳು ಲಾನ್, ಇಗರ್ಜಿಯಲ್ಲಿ ಮಾರಿಯೆಟ್. ತಾತ ದಕ್ಷಿಣ ವಿಯೆಟ್ನಾಮಿನ ಭಾರೀ ಜಮೀನ್ದಾರ. ಸೈಗಾನಿನಲ್ಲಿ ಇಗರ್ಜಿಯನ್ನೇ ಕಟ್ಟಿಸುವಷ್ಟು ಭಕ್ತಿ, ಭಕ್ತಿಗೆ ತಕ್ಕ ದುಡ್ಡು. ಮನೆಯವರು ಅವಳನ್ನು ಓದಲು ಫ್ರಾನ್ಸಿಗೆ ಕಳಿಸಿದರು. ಶಾಲೆಯ ಹೆಸರಿನ ಅರ್ಥ 'ಹಕ್ಕಿಗಳ ಕಾನ್ವೆಂಟು'. ಹಾರುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕಲಿಸಿದರು.

ವರನೂ ಅದೇ ಕಾರ್ಖಾನೆಯ ಮಾಲು. ಫ್ರೆಂಚರು ಎಳವೆಯಲ್ಲೇ ಪಟ್ಟ ಕಟ್ಟಿ, ಮತ್ತೆ ಪ್ಯಾರಿಸಿಗೆ ಓದಲು ಅಟ್ಟಿ, 1932ರಲ್ಲಿ ವಾಪಸು ತಂದ ಚಕ್ರವರ್ತಿ ಬಾವೋ ದಾಯ್. ಹಾಗೆಂದರೆ 'ಹಿರಿಮೆಯ ಕಾವಲುಗಾರ'. ಹಿರಿಮೆಯನ್ನು ಇವನು ಕಾಯುತ್ತಿದ್ದ, ಇವನನ್ನು ಫ್ರೆಂಚರು ಕಾಯುತ್ತಿದ್ದರು. ರಾಜ್ಯಭಾರವೂ ಅವರದೇ ಆದ್ದರಿಂದ ಬೇಟೆಗೆ ಬೇಕಾದಷ್ಟು ಬಿಡುವು.

ರಾಜಧಾನಿ ಹ್ವೇಯ ಅರಮನೆಯ ಹಿರಿಯರಿಗೆ ಸೊಸೆ ಕ್ರೈಸ್ತಳೆಂಬ ಸಂಕಟ; ರೋಮಿನವರಿಗೆ ಅಳಿಯ ಕ್ರೈಸ್ತನಲ್ಲವೆಂಬ ಸಂಕಟ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿಗಳೇ ಎರಡು ಪಂಗಡ. ಹುಡುಗಿ ಮಾತ್ರ ಲೆಕ್ಕದಲ್ಲಿ ಜಾಣೆ. ಧರ್ಮ ಬಿಡುವುದಿಲ್ಲ, ಮಕ್ಕಳೂ ಕ್ಯಾಥೊಲಿಕರೇ, ಮದುವೆಯಾದೊಡನೆ ಪಟ್ಟದರಾಣಿಯ ಪದವಿ ಬೇಕು ಎಂದಳು. ಆ ವಂಶದಲ್ಲಿ ರಾಣಿಯರಿಗೆ ಆ ಪದವಿ ಸಿಗುತ್ತಿದ್ದುದು ಸಾಮಾನ್ಯವಾಗಿ ಸತ್ತ ಮೇಲೆ. ಇವಳು ಉಸಿರಾಡುತ್ತಲೇ ಪಡೆದಳು. ಚಕ್ರವರ್ತಿಗೇ ಮೀಸಲಾದ ಹಳದಿ ಬಣ್ಣವನ್ನೂ ಉಟ್ಟಳು.

1934ರ ಮಾರ್ಚ್ 20ರಂದು ಮದುವೆ. ಹೊಸ ಹೆಸರು ನಾಮ್ ಫುವಾಂಗ್, ಅಂದರೆ 'ದಕ್ಷಿಣದ ಪರಿಮಳ'. ಗಂಡನ ಹೆಸರಿನಲ್ಲಿದ್ದದ್ದು ಫ್ರೆಂಚರ 'ರಕ್ಷಣೆ'ಯ ಅನ್ನಾಮ್, ಅಂದರೆ ನಡು ವಿಯೆಟ್ನಾಮ್; ಅವಳ ತವರಾದ ದಕ್ಷಿಣ ನೇರ ಫ್ರೆಂಚ್ ವಸಾಹತು, ಅಲ್ಲಿ ಅವನ ಅಪ್ಪಣೆ ನಡೆಯುವಂತಿರಲಿಲ್ಲ. ಮಾವನ ಮನೆಗೆ ಹೋದರೆ ಚಕ್ರವರ್ತಿಯೂ ಬರೀ ಅಳಿಯ.

ಅಂತಃಪುರವನ್ನು ರದ್ದು ಮಾಡಿದ ಆಧುನಿಕ ದೊರೆ ಎಂದು ಅವನಿಗೆ ಹೊಗಳಿಕೆ. ನಿಜವೇ. ಸಗಟು ವ್ಯಾಪಾರ ಮುಚ್ಚಿ ಚಿಲ್ಲರೆಗೆ ಇಳಿದ, ಅಷ್ಟೇ.

1945ರಲ್ಲಿ ಅವನು ಪಟ್ಟ ಬಿಟ್ಟ. ಹೊಸ ಗಣರಾಜ್ಯದ ಚಿನ್ನ ಸಂಗ್ರಹಕ್ಕೆ ಅವಳು ಒಡವೆ ಬಿಚ್ಚಿಕೊಟ್ಟಳು. 1947ರಲ್ಲಿ ಮಕ್ಕಳೊಂದಿಗೆ ಫ್ರಾನ್ಸು ಸೇರಿ, 1963ರಲ್ಲಿ ಶಾಬ್ರಿನ್ಯಾಕ್ ಎಂಬ ಹಳ್ಳಿಯಲ್ಲಿ ತೀರಿಕೊಂಡಳು. ಸಮಾಧಿಯ ಮೇಲೆ ಚೀನೀ ಅಕ್ಷರಗಳಿವೆ, ಫ್ರೆಂಚ್ ಇದೆ. ಆ ಫ್ರೆಂಚ್ ಬರಹದ ಪ್ರಕಾರ ಅಲ್ಲಿ ಮಲಗಿರುವುದು ಅನ್ನಾಮಿನ ಸಾಮ್ರಾಜ್ಞಿ. ಅಷ್ಟರಲ್ಲಿ ಅನ್ನಾಮ್ ಎಂಬ ರಾಜ್ಯವೇ ಇರಲಿಲ್ಲ. ಹುಟ್ಟಿದ ಹೆಸರೆಂದು ಕೆತ್ತಿರುವುದು ಝಾನ್ ಮಾರಿಯೆಟ್ ನ್ಗುಯೆನ್ ಹೂ ಹಾವೋ. ನ್ಗುಯೆನ್ ಹೂ ಹಾವೋ ಅವಳ ಅಪ್ಪ. ಲಾನ್ ಎಂಬವಳು ಆ ಕಲ್ಲಿನ ಮೇಲಿಲ್ಲ.