ಮಲ್ಲಿಗೆಗೆ ಮೂರೇ ಅಕ್ಷರ

ಏನು ಪುಟ್ಟಿ, ರಜಾ ದಿನಾನೂ ಲ್ಯಾಪ್‌ಟಾಪ್ ಮುಂದೇನಾ?

"ಪದಬಂಧದ ಆಟ ಮಾಡ್ತಿದೀನಿ ಅಂಕಲ್. ಪದದ ಜೊತೆ ಬಂದ ಅಂಕಿ, ಚುಕ್ಕೆ, ಕೊಂಡಿ ಎಲ್ಲ ತೆಗೆದು ಅಕ್ಷರ ಮಾತ್ರ ಇಟ್ಕೋಬೇಕು. ಮಲ್ಲಿಗೆ ಅಂತ ಕೊಟ್ರೆ 'ಮಲಲಗ' ಅಂತ ಬರ್ತಿದೆ!"

ಪದಾನ ಅರೇ ಮಾಡಿ, ಫಿಲ್ಟರ್ ಹಾಕಿ, ಒಳಗಿನ ರೆಜೆಕ್ಸಲ್ಲಿ ಬ್ಯಾಕ್‌ಸ್ಲ್ಯಾಶ್ ಪಿ, ಫ್ಲವರ್ ಬ್ರಾಕೆಟ್‌ನಲ್ಲಿ ಎಲ್ ಬರೆದಿದೀಯ, ಅಲ್ವಾ? ಅಷ್ಟಾದ್ರೂ ಬರೆದೆಯಲ್ಲ, ಸಂತೋಷ. ಎಷ್ಟೋ ಜನ ಇವತ್ತಿಗೂ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಬರೆದು ಕೈ ತೊಳ್ಕೊಳ್ತಾರೆ. ಅದಕ್ಕೆ ಗೊತ್ತಿರೋದು ಇಂಗ್ಲಿಷಿನ ಎ ಇಂದ ಝಡ್, ಸೊನ್ನೆಯಿಂದ ಒಂಬತ್ತು, ಒಂದು ಅಂಡರ್‌ಸ್ಕೋರ್, ಅಷ್ಟೇ. ನಮ್ಮ ಹೆಸರನ್ನ ಕನ್ನಡದಲ್ಲಿ ತುಂಬಿದ್ರೆ 'ಸರಿಯಾದ ಹೆಸರು ಬರೆಯಿರಿ' ಅಂತ ವಾಪಸ್ ಕಳಿಸೋ ಫಾರಂ ನಾನೇ ನೋಡಿದೀನಿ. ನಿಜವಾಗ್ಲೂ ಸಂಕಟ ಆಗುತ್ತಮ್ಮ. ನೀನು ಬಳಸಿರೋ ಪಿ ಜಾವಾಸ್ಕ್ರಿಪ್ಟ್‌ಗೆ ಬಂದದ್ದು 2018ರಲ್ಲಿ. ಅದಕ್ಕೆ ಕೊನೇಲಿ ಯು ಅಥವಾ ವಿ ಫ್ಲ್ಯಾಗ್ ಇರಲೇಬೇಕು.

ಈಗ ನಿನ್ನ ಮಲ್ಲಿಗೆ. ನಮ್ಮ ಕಣ್ಣಿಗೆ ಮೂರು ಅಕ್ಷರ. ಅರೇ ಮಾಡಿದ್ರೆ ಏಳು ತುಂಡು: ಮ, ಲ, ಹಲಂತ, ಮತ್ತೆ ಲ, ಗುಡಿಸು, ಗ, ಎತ್ವ. ಯೂನಿಕೋಡ್ ಲೆಕ್ಕದಲ್ಲಿ ಎಲ್ ಗುಂಪಿಗೆ ಸೇರೋದು ಮ, ಲ, ಲ, ಗ ಮಾತ್ರ. ಹಲಂತ, ಗುಡಿಸು, ಎತ್ವ ಇರೋದು ಎಮ್ ಗುಂಪಲ್ಲಿ. ಎರಡನ್ನೂ ಚೌಕ ಬ್ರಾಕೆಟ್ಟಿನೊಳಗೆ ಒಟ್ಟಿಗೆ ಬರಿ, ಮಲ್ಲಿಗೆ ಮಲ್ಲಿಗೆಯಾಗೇ ಉಳಿಯುತ್ತೆ.

"ಆಯ್ತು ಅಂಕಲ್! ಜಿ ಫ್ಲ್ಯಾಗೂ ಹಾಕ್ಲಾ?"

ಬೇಡ ಬೇಡ. ಜಿ ಇರೋ ರೆಜೆಕ್ಸನ್ನ ಮೊದಲೇ ಹೆಸರಿಟ್ಟು ಇಟ್ಕೊಂಡು, ಫಿಲ್ಟರ್ ಒಳಗೆ ಅದರ ಟೆಸ್ಟ್ ಕರೆದ್ರೆ, ಹಿಂದಿನ ಸಲ ಎಲ್ಲಿಗೆ ನಿಲ್ಲಿಸಿದ್ದೆ ಅನ್ನೋದನ್ನ ಅದು ನೆನಪಿಟ್ಕೊಂಡಿರುತ್ತೆ. ಮುಂದಿನ ತುಂಡನ್ನ ಅಲ್ಲಿಂದಾನೇ ಹುಡುಕುತ್ತೆ. ಒಂಟಿ ತುಂಡಲ್ಲಿ ಅಲ್ಲೇನೂ ಇರಲ್ಲ, ಹಾಗಾಗಿ ಇಲ್ಲ ಅಂದುಬಿಡುತ್ತೆ. ಸಾಲಾಗಿ ಅಕ್ಷರ ಇದ್ರೆ ಒಂದು ಬಿಟ್ಟು ಒಂದು ಮಾಯ. ಎರರ್ರೂ ಬರಲ್ಲ, ಅದೇ ಕಷ್ಟ.

ಇನ್ನೂ ಒಂದಿದೆ. 'ಸಾಫ್ಟ್‌ವೇರ್' ಅಂತ ಟೈಪ್ ಮಾಡುವಾಗ ಟ್ ಆದಮೇಲೆ, ವಕಾರ ಒತ್ತಾಗದ ಹಾಗೆ, ಕಣ್ಣಿಗೆ ಕಾಣದ ಒಂದು ಗುರುತು ಹಾಕ್ತೀವಲ್ಲ, ಅದು ಎಲ್ಲೂ ಅಲ್ಲ, ಎಮ್ಮೂ ಅಲ್ಲ. ನಿನ್ನ ಫಿಲ್ಟರ್ ಅದನ್ನ ಕಿತ್ತು ಹಾಕಿದ್ರೆ ಪದ 'ಸಾಫ್ಟ್ವೇರ್' ಆಗುತ್ತೆ. ಅದರ ಸಂಖ್ಯೆ 200ಸಿ. ಅದನ್ನೂ ಬ್ರಾಕೆಟ್ಟಿಗೆ ಸೇರಿಸು.

"ಸರಿ, ಆದ್ರೆ ಮನೆ ಏಳು ಬೇಡ, ಮೂರೇ ಬೇಕು. ಒಂದೊಂದು ಮನೇಲಿ ಒಂದೊಂದು ಅಕ್ಷರ."

ಹಾಗಾದ್ರೆ ತುಂಡು ಮಾಡಿ ಸೋಸೋದನ್ನೇ ಬಿಡು. ಪದ ಇಡಿಯಾಗಿರಲಿ, ಅಕ್ಷರ ಹೇಗಿರುತ್ತೆ ಅನ್ನೋದನ್ನ ರೆಜೆಕ್ಸಿಗೆ ಹೇಳು. ಒಂದು ವ್ಯಂಜನ, ಅದಾದ ಮೇಲೆ ಹಲಂತ, ಈ ಜೋಡಿ ಎಷ್ಟು ಸಲ ಬೇಕಾದ್ರೂ ಬರಲಿ, ಬರದೆಯೂ ಇರಲಿ. ಆಮೇಲೆ ಒಂದು ವ್ಯಂಜನ. ಅದಕ್ಕೆ ಕಾಗುಣಿತದ ಗುರುತೋ ಹಲಂತವೋ ಇದ್ರೆ ಇರಲಿ. ಕೊನೇಲಿ ಅನುಸ್ವಾರ, ವಿಸರ್ಗ. ಸ್ವರ ಬಂದ್ರೆ ಅದಕ್ಕೊಂದು ಬೇರೆ ದಾರಿ. ಒಂದನೇ ಕ್ಲಾಸಲ್ಲಿ ಮೇಷ್ಟ್ರು ಕಲಿಸಿದ ಕಾಗುಣಿತ, ಒತ್ತಕ್ಷರಾನೇ ಇದು, ಹೊಸದೇನಿಲ್ಲ. ಇದನ್ನ ಮ್ಯಾಚ್‌ಗೆ ಕೊಡು. ಜಿ ಫ್ಲ್ಯಾಗ್ ಬೇಕಾಗೋದು ಇಲ್ಲಿ. ಮ, ಲ್ಲಿ, ಗೆ ಅಂತ ಮೂರೇ ಬರುತ್ತೆ.

ವ್ಯಂಜನಕ್ಕೆ ಕ ಇಂದ ಹ ತನಕ ಅಂತ ವ್ಯಾಪ್ತಿ ಬರೆದ್ರೆ ಸಾಕು. ಹಳಗನ್ನಡದ ಪದ ಹಾಕೋದಾದ್ರೆ ಮಾತ್ರ ೞ ಬೇರೆ ಬರೀಬೇಕು. ಱ ಒಳಗೇ ಇದೆ, ೞ ಮಾತ್ರ ಹಕಾರ ದಾಟಿ ದೂರದಲ್ಲಿದೆ.