ಅಥಾತೋ ಪಾರ್ಟಿ ಜಿಜ್ಞಾಸಾ

ಪಾರ್ಟಿ ಎಂದರೆ ಇಲ್ಲಿ ಡಿಸೆಂಬರ್ 31ರ ರಾತ್ರಿ ನಡೆಯುವಂಥದ್ದಲ್ಲ; ಡಿಟಿಪಿ, ಡಿಸೈನ್, ಫೋಟೊ ಕೆಲಸ ಕೊಡುವ, ಮುಂದೆ ದುಡ್ಡನ್ನೂ ಕೊಟ್ಟೀತೆಂಬ ಸಂಶಯಕ್ಕೆ ಆಸ್ಪದವಿರುವ ಚೇತನ ಪದಾರ್ಥ. ವರ್ಷಾಂತ್ಯದಲ್ಲಿ ಫ್ರೀಲ್ಯಾನ್ಸರನು ಇದನ್ನು ಸಮೀಪಿಸುವ ಬಗೆಯೇ ಈ ಶಾಸ್ತ್ರದ ವಿಷಯ. ಲ್ಯಾಪ್‌ಟಾಪಿನ ಕಂತು ಬಾಕಿ ಇರುವವನೇ ಅಧಿಕಾರಿ. ಕಂತು ತೀರುವುದೇ ಪ್ರಯೋಜನ. ಇನ್ನು ಸಂಬಂಧ: ಪಾರ್ಟಿಯ ಅಳಿಯ ಪರಿಚಯದವನಾಗಿದ್ದರೆ ಉತ್ತಮ.

ಪೂರ್ವಪಕ್ಷಿಗಳಾದ ಬೆಂಗಳೂರಿಗರು ಹೇಳುವುದು: ಕ್ರಿಸ್‌ಮಸ್ಸಿನಿಂದ ಪಾರ್ಟಿ ರಜೆಯಲ್ಲಿರುತ್ತದೆ, ಡಿಸೆಂಬರ್ ಮೊದಲ ವಾರವೇ ಇಮೇಲ್ ಹಾಕಿ, ಜನವರಿಯಲ್ಲಿ ನೆನಪಿಸಿ. ಅಮೆರಿಕದ ಪಾರ್ಟಿಗೆ ಇದು ಸಲ್ಲೀತು. ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಆ ಹೊತ್ತಿಗೆ ಹತ್ತಿ ಬರುತ್ತಿರುತ್ತದೆ. ತುಂಗಭದ್ರಾ ಎಡದಂಡೆಯ ಮಾನ್ವಿಯಲ್ಲಿ ಭತ್ತದ ಲೆಕ್ಕ ನಡೆದಿರುತ್ತದೆ. ನಾರಾಯಣಪುರ ಬಲದಂಡೆಯ ದೇವದುರ್ಗದವರಿಗೂ ಪುರಸೊತ್ತಿಲ್ಲ. ಕೃಷ್ಣಾ-ತುಂಗಭದ್ರೆಯರ ನಡುವೆ ರಜೆ ಹಾಕಿದ ಪಾರ್ಟಿಯನ್ನು ಕಂಡವರಿಲ್ಲ. ಅದು ಗಾದಿಯ ಮೇಲೇ ಕೂತಿರುತ್ತದೆ, ಹುಡುಗನ ಕೈಲಿ ‘ಸಾವ್ಕಾರ್ರು ಇಲ್ರೀ’ ಅನ್ನಿಸುತ್ತದೆ.

ಹಾಗಾದರೆ ಈ ಸೀಮೆಯ ಡಿಸೆಂಬರಿನಲ್ಲಿ ಕೆಲಸವೇ ಇಲ್ಲವೋ? ಮದುವೆ ಫೋಟೊ ತೆಗೆಯುವವನಿಗೆ ಇಲ್ಲ. ಪಂಚಾಂಗ ನೋಡುವ ಮನೆಗಳಿಗೆ ತಿಂಗಳ ನಡುವಿನಿಂದಲೇ ಶೂನ್ಯಮಾಸ. ಸಂಕ್ರಮಣದ ತನಕ ಅವನ ಖಾತೆಯಲ್ಲಿರುವ ಶೂನ್ಯವನ್ನು ನಾಗಾರ್ಜುನನೂ ವಿವರಿಸಲಾರ. ಡಿಸೈನರನಿಗೆ ಮಾತ್ರ ಸುಗ್ಗಿ: ದಲ್ಲಾಳಿ ಅಂಗಡಿಯ ಕ್ಯಾಲೆಂಡರ್, ಮುಖಂಡರ ಹೊಸ ವರ್ಷದ ಬ್ಯಾನರ್. ರಾಯಚೂರಿನ ತೀನ್ ಕಂದೀಲ್ ಕಡೆಯ ಯಾವ ಕಂಪ್ಯೂಟರಿನ ಮುಂದೆ ಕೂತರೂ ಈ ಸಂವಾದೋಪನಿಷತ್ತು ಕೇಳಿಸುತ್ತದೆ:

‘ಅಣ್ಣಾರ ಫೋಟೊ ಇನ್ನಾ ದೊಡ್ಡದು ಮಾಡ್ರಿ.’

‘ಕೆಳಗಿನ ಹನ್ನೆರಡು ಮಂದೀದು?’

‘ಅವೂ ದೊಡ್ಡವು ಮಾಡ್ರಿ. ಇಲ್ಲಾಂದ್ರ ಸಿಟ್ಟಾಗ್ತಾರ.’

‘ಜಾಗಾ ಎಲ್ಲದರಿ?’

‘ಅದಕ್ಕೇ ನಿಮ್ಮತ್ರ ಬಂದದ್ದು.’

ರಾತ್ರಿ ಹನ್ನೊಂದಕ್ಕೆ ಹದಿಮೂರನೆಯವನ ಫೋಟೊ ವಾಟ್ಸಾಪಿನಲ್ಲಿ ಬರುತ್ತದೆ. ತಂಪು ಕನ್ನಡಕ, ಪಕ್ಕದವನ ಅರ್ಧ ಭುಜ ಸಮೇತ. ಆ ಭುಜವನ್ನು ಕತ್ತರಿಸುವುದಕ್ಕೆ ಇಂದಿನವರೆಗೆ ಯಾವ ಪಾರ್ಟಿಯೂ ಬೇರೆ ರೇಟು ಕೊಟ್ಟ ದಾಖಲೆ ಇಲ್ಲ.

ಸಮೀಪಿಸಲು ಪ್ರಶಸ್ತವಾದ ತಿಥಿ ಎಳ್ಳ ಅಮವಾಸ್ಯೆ. ಅಂದು ಪಾರ್ಟಿಯು ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಮನೆಮಂದಿಯೊಡನೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತದೆ. ಬಂದವರನ್ನು ಉಣ್ಣಿಸದೆ ಕಳಿಸುವುದಿಲ್ಲ, ‘ಇಲ್ರೀ’ ಅನ್ನಿಸಲು ಅಲ್ಲಿ ಬಾಗಿಲೂ ಇಲ್ಲ. ಆದರೆ ಎರಡನೆಯ ಹೋಳಿಗೆಗೆ ಮೊದಲು ಕೊಟೇಶನ್ ತೆಗೆದವನು ಅಪಕ್ವ. ಮೂರನೆಯದರ ನಂತರ ತೆಗೆದವನು ಋಣಭಾರದಿಂದ ತಾನೇ ರೇಟು ಇಳಿಸುತ್ತಾನೆ.

ನೆಪಗಳ ವಿಚಾರಕ್ಕೆ ಸ್ಥಳೀಯ ಪ್ರಮಾಣವೇ ಉಂಟು. ಹೊಟ್ಟೆನೋವೆಂದು ನೆಪ ಹೇಳಿ ವಿಜಯದಾಸರ ಊಟದ ಕರೆ ತಪ್ಪಿಸಿಕೊಂಡ ಮಾನ್ವಿಯ ಶ್ರೀನಿವಾಸಾಚಾರ್ಯರಿಗೆ ಹೊಟ್ಟೆನೋವೇ ಹಿಡಿಯಿತೆಂದು ಐತಿಹ್ಯ. ಈಗಿನ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷ ಧಾರೆ ಎರೆದ ಮೇಲೆ ಅವರು ಗುಣವಾಗಿ, ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ ರಚಿಸಿದರು. ಆದ್ದರಿಂದ ಮಾನ್ವಿಯ ಪಾರ್ಟಿಗಳು ‘ಮೈಯಾಗ ಆರಾಮಿಲ್ರಿ, ಮುಂದಿನ ವಾರ ಬರ್ರಿ’ ಎನ್ನುವಾಗ ಜೋಪಾನ. ಧಾರೆ ಎರೆಯುವಷ್ಟು ಆಯುಷ್ಯ ಡಿಸೈನರನಲ್ಲಿ ಉಳಿದಿರುವುದಿಲ್ಲ.

ಇನ್ನು ವಸೂಲಿ ಪ್ರಕರಣ. ‘ಎಳ್ಳಮಾಸಿ ಆಗ್ಲಿ’ ಎಂದವರು ‘ಸಂಕ್ರಮಣ ಆಗ್ಲಿ’ ಎನ್ನುತ್ತಾರೆ, ಬಳಿಕ ‘ಮಾರ್ಚ್ ಎಂಡಿಂಗ್ ಅದರಿ’, ಬಳಿಕ ‘ಯುಗಾದಿಗೆ ನೋಡಮು’. ತಾರ್ಕಿಕರು ಇದನ್ನು ಅನವಸ್ಥಾ ದೋಷ ಎನ್ನುತ್ತಾರೆ. ಗಂಜಿನಲ್ಲಿ ಇದಕ್ಕೆ ಉದ್ರಿ ಎಂದು ಹೆಸರು. ಪರಿಹಾರ ಒಂದೇ: ಅರ್ಧ ದುಡ್ಡು ಫೋನ್‌ಪೇಯಲ್ಲಿ ಬಿದ್ದ ಸದ್ದು ಕಿವಿಯಾರೆ ಕೇಳುವ ತನಕ ಬ್ಯಾನರಿನ ನಡುವಿರುವ ‘ನಮೂನೆ’ ಎಂಬ ವಾಟರ್‌ಮಾರ್ಕ್ ಅಳಿಸಬೇಡಿ, ಅದು ಅಣ್ಣಾರ ಮುಖದ ಮೇಲೇ ಬಿದ್ದಿದ್ದರೂ ಸರಿ.