ಕಾಲ್ಬೆರಳು ಮುರಿದ ಪ್ರಸಂಗ

ನನ್ನ ಭಾವಮೈದುನನ ಮನೆಗೆ ಹೋದವರು ವೈಫೈ ಪಾಸ್‌ವರ್ಡ್ ಕೇಳಬಾರದು. ಕೇಳಿದರೆ ಮೊದಲು ಒಂದು ನಿಗೂಢ ನಗೆ. ಆಮೇಲೆ, "ಎಲ್ಫ್‌ಗಳ ಭಾಷೇಲಿ ಸ್ನೇಹಿತನಿಗೆ ಏನಂತಾರೆ, ಹೇಳಿ ನೋಡೋಣ" ಎಂಬ ಪರೀಕ್ಷೆ. ‘ಮೆಲ್ಲೋನ್’ ಎಂದು ಗೊತ್ತಿದ್ದವರಿಗೆ ಮೋರಿಯಾದ ಕಲ್ಲುಬಾಗಿಲೂ ತೆರೆಯುತ್ತದೆ, ಅವನ ರೂಟರೂ ತೆರೆಯುತ್ತದೆ. ಗೊತ್ತಿಲ್ಲದ ನಾನು ಎರಡು ವರ್ಷ ಸ್ವಂತ ಡೇಟಾ ಸುಟ್ಟಿದ್ದೇನೆ.

ವಯಸ್ಸು ನಲವತ್ತೆರಡು. ಆಫೀಸಿನಲ್ಲಿ ಹದಿನೈದು ಜನರ ಮೇಲೆ ಮ್ಯಾನೇಜರು. ಸ್ವಂತ ಹುಟ್ಟಿದ ಹಬ್ಬಕ್ಕೆ ರಜೆ ಹಾಕದವನು ಸೆಪ್ಟೆಂಬರ್ 22ಕ್ಕೆ ತಪ್ಪದೆ ಹಾಕುತ್ತಾನೆ. ಅಂದು ಬಿಲ್ಬೋ ಮತ್ತು ಫ್ರೋಡೋ ಇಬ್ಬರೂ ಹುಟ್ಟಿದ ದಿನವಂತೆ. ಪೀಟರ್ ಜಾಕ್ಸನ್ನರ ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಮೊದಲ ಭಾಗ 2001ರ ಡಿಸೆಂಬರಿನಲ್ಲಿ ತೆರೆಗೆ ಬಂದಾಗ ಇವನು ಇಂಜಿನಿಯರಿಂಗ್ ವಿದ್ಯಾರ್ಥಿ. ಆಗ ಬೆರಳಿಗೆ ಸಿಕ್ಕ ಉಂಗುರ ಈಗಲೂ ಬಿಟ್ಟಿಲ್ಲ. ಮದುವೆಯ ಉಂಗುರ ಮಾತ್ರ ಎರಡು ಸಲ ಕಳೆದಿದೆ.

ನಾನು ದೊಡ್ಡ ಟೀವಿ ತಂದದ್ದೇ ತಪ್ಪಾಯಿತು. ಮರುವಾರ ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಅವನು ಮೂವರು ಗೆಳೆಯರನ್ನು ಕಟ್ಟಿಕೊಂಡು ಗಿರಿನಗರದ ನಮ್ಮ ಮನೆಗೆ ಇಳಿದ. ಮೂರೂ ಭಾಗ ಒಂದೇ ಪಟ್ಟಿಗೆ. ಥಿಯೇಟರಿಗೆ ಬಂದದ್ದು ಒಟ್ಟು 9 ಗಂಟೆ 18 ನಿಮಿಷ. ಅಷ್ಟನ್ನೇ ನೋಡಿದವರನ್ನು ಇವರು ನೋಡಿದವರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇವರದು ಎಕ್ಸ್‌ಟೆಂಡೆಡ್, 11 ಗಂಟೆ ದಾಟುತ್ತದೆ. ನನ್ನ ಹೆಂಡತಿ ಕುಕ್ಕರಿಗೆ ಎಷ್ಟು ಲೋಟ ಅಕ್ಕಿ ಎಂದು ಲೆಕ್ಕ ಹಾಕುತ್ತ ಒಳಗೆ ಹೋದಳು. ಅಮ್ಮ ಮಾತ್ರ ಗಾಬರಿಯಾಗಲಿಲ್ಲ. ತೀರ್ಥಹಳ್ಳಿ ಕಡೆಯ ಗದ್ದೆಯಲ್ಲಿ ಚಾಪೆ ಹಾಸಿಕೊಂಡು ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದ ಜೀವ ಅದು. "ಹನ್ನೊಂದು ಗಂಟೆಯಾ? ಎರಡು ಪ್ರಸಂಗ ಇರಬೇಕು" ಎಂದು ಹೂಬತ್ತಿ ಹೊಸೆಯುವ ಹತ್ತಿ ತಂದು ಸೋಫಾದ ತುದಿಯಲ್ಲಿ ಕೂತರು.

ಇವರೆಲ್ಲ ಸಿನಿಮಾ ನೋಡುತ್ತಾರೆ ಎಂದುಕೊಂಡಿದ್ದೆ. ಇಲ್ಲ, ಸಿನಿಮಾ ಓಡುತ್ತಿರುವ ಕೋಣೆಯಲ್ಲಿ ಕೂತು ವಾದ ಮಾಡುತ್ತಾರೆ. ಎಲ್ಲರಿಗಿಂತ ಕರುಳು ಹಿಂಡುವ ಪಾತ್ರ ಯಾವುದು ಎಂಬುದು ಇಪ್ಪತ್ತು ವರ್ಷದಿಂದ ತೀರ್ಮಾನವಾಗದ ವ್ಯಾಜ್ಯ. ಒಬ್ಬ ಬೊರೊಮಿರ್‌ನ ವಕೀಲ. ಉಂಗುರದ ಆಸೆಗೆ ಫ್ರೋಡೋನ ಮೇಲೇ ಕೈಮಾಡಿ, ಮರುಗಳಿಗೆಯಲ್ಲೇ ಇಬ್ಬರು ಪುಟ್ಟ ಹಾಬಿಟ್‌ಗಳನ್ನು ಉಳಿಸಲು ಎದೆಗೆ ಬಾಣ ತಗಲಿಸಿಕೊಂಡು ಸಾಯುವ ವೀರನವನು. ತಾಳಮದ್ದಲೆಯಲ್ಲಿ ಕರ್ಣನ ಅರ್ಥ ಹೇಳುವವರ ಗತ್ತಿನಲ್ಲೇ ಇವನು ದನಿ ಏರಿಸುತ್ತಾನೆ. ನಮಗೂ, ತಪ್ಪು ಮಾಡಿ ಚೆನ್ನಾಗಿ ಸತ್ತವರಿಗೆ ಕಣ್ಣೀರು ಹಾಕುವುದು ಪಂಪನ ಕಾಲದಿಂದ ಅಭ್ಯಾಸ.

"ಪುಸ್ತಕದಲ್ಲಿ ಆ ಕಾಳಗವೇ ಕಾಣಲ್ಲ" ಎಂದರು ಕನ್ನಡಕದ ಹೆಂಗಸು. ಬ್ಯಾಗಿನಲ್ಲಿ ಮೂರೂ ಸಂಪುಟ ಹೊತ್ತು ತಂದಿದ್ದರು, ಪುಟಪುಟಕ್ಕೂ ಬಣ್ಣದ ಚೀಟಿ. "ಅರಗಾರ್ನ್ ಓಡಿ ಬರೋ ಹೊತ್ತಿಗೆ ಎಲ್ಲ ಮುಗಿದಿರತ್ತೆ. ಅದೂ ಎರಡನೇ ಸಂಪುಟದ ಮೊದಲ ಅಧ್ಯಾಯ. ಜಾಕ್ಸನ್ ಅದನ್ನ ಮೊದಲ ಸಿನಿಮಾದ ಕೊನೆಗೆ ತಂದು ನಿಮ್ಮನ್ನೆಲ್ಲ ಅಳಿಸಿದ."

"ಅಂದ್ರೆ ಜಾಕ್ಸನ್ನೇ ಮೇಲು ಅಂತ ಒಪ್ಪಿದ್ರಿ."

"ಟಾಮ್ ಬೊಂಬಾಡಿಲ್‌ನನ್ನ ಪೂರ್ತಿ ಬಿಟ್ಟವನನ್ನಾ?"

ಹೀಗೆ. ಮೂರನೆಯವನು ಗೊಲ್ಲಮ್ ಪಕ್ಷ. ಆ ಪಾತ್ರದ ನಟ ಆ್ಯಂಡಿ ಸರ್ಕಿಸ್‌ಗೆ ಆಸ್ಕರ್ ಕೊಡಲಿಲ್ಲ ಎಂಬ ದುಃಖ ಇವನಿಗೆ ಸ್ವಂತ ಪ್ರಮೋಷನ್ ತಪ್ಪಿದ್ದಕ್ಕಿಂತ ದೊಡ್ಡದು.

ನಮ್ಮವನದು ಸ್ಯಾಮ್ ಪಕ್ಷ. ಬಾಂಡಲೆ ಕಟ್ಟಿಕೊಂಡು ಒಡೆಯನ ಬೆನ್ನ ಹಿಂದೆ ಹೊರಟ ತೋಟಗಾರ. 1916ರ ಸೋಮ್ ಕದನದಲ್ಲಿದ್ದ, ಈ ಪುಸ್ತಕ ಬರೆದ ಟೋಲ್ಕಿನ್, ಅಲ್ಲಿ ಕಂಡ ಸಾಮಾನ್ಯ ಸಿಪಾಯಿಗಳನ್ನೂ ಅಧಿಕಾರಿಗಳ ಊಳಿಗಕ್ಕಿದ್ದ ಆಳುಗಳನ್ನೂ ನೆನೆದು ಈ ಪಾತ್ರ ಕಟ್ಟಿದ್ದು ಎಂದು ಅವನು ಪ್ರತಿಪಾದಿಸುತ್ತಾನೆ. ವಾದ ಗಟ್ಟಿಯಾಗಿದೆ. ಆದರೆ ಇವನ ವೈಶಿಷ್ಟ್ಯ ವಾದವಲ್ಲ, ಮಾಹಿತಿ. ಅದೂ ಒಂದು ನಿರ್ದಿಷ್ಟ ಹೊತ್ತಿನಲ್ಲಿ ಉಕ್ಕುವ ಮಾಹಿತಿ.

ಮೊದಲ ಭಾಗದ ಕೊನೆ. ಫ್ರೋಡೋನ ದೋಣಿ ಹೊರಟಿದೆ, ಈಜು ಬಾರದ ಸ್ಯಾಮ್ ನೀರಿಗೆ ಇಳಿಯುತ್ತಿದ್ದಾನೆ. ಕೋಣೆ ಸ್ತಬ್ಧ. ಭಾವಮೈದುನನ ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂತು. "ಇಲ್ಲೇ ನೋಡಿ ಭಾವ, ಶಾನ್ ಆ್ಯಸ್ಟಿನ್ ಕಾಲಿಗೆ ನೀರೊಳಗೆ ಗಾಜು ಚುಚ್ಚಿದ್ದು."

ಅದಕ್ಕೂ ಮುಂಚೆ ಬೊರೊಮಿರ್ ಉಸಿರು ಎಳೆಯುತ್ತಿದ್ದಾಗ, "ಶಾನ್ ಬೀನ್‌ಗೆ ಹೆಲಿಕಾಪ್ಟರ್ ಅಂದ್ರೆ ಭಯ. ವೇಷ ಹಾಕ್ಕೊಂಡೇ ಬೆಟ್ಟ ಹತ್ತಿ ಶೂಟಿಂಗಿಗೆ ಹೋಗ್ತಿದ್ದ" ಎಂದಿದ್ದ. ಎರಡನೇ ಭಾಗದಲ್ಲಿ ಮುದಿರಾಜ ಥಿಯೋಡೆನ್ ಮಗನ ಸಮಾಧಿಯ ಮುಂದೆ ಕುಸಿದು ಬಿಕ್ಕುತ್ತಾನೆ. ಹೂಬತ್ತಿ ಹೊಸೆಯುತ್ತಿದ್ದ ಅಮ್ಮನ ಕೈ ನಿಂತಿತು. "ಬರ್ನಾರ್ಡ್ ಹಿಲ್ ಈತ" ಎಂದ ನಮ್ಮವನು, ಕೊಂಚ ಒಡೆದ ದನಿಯಲ್ಲಿ. "ಟೈಟಾನಿಕ್‌ನಲ್ಲಿ ಕ್ಯಾಪ್ಟನ್ ಆಗಿದ್ದವನು. ಅದಕ್ಕೂ 11 ಆಸ್ಕರ್, ನಮ್ಮ ಮೂರನೇ ಭಾಗಕ್ಕೂ 11 ಆಸ್ಕರ್. ಎರಡರಲ್ಲೂ ಇದ್ದಾನೆ."

ಉಳಿದದ್ದು ಕಾಲ್ಬೆರಳು. ಹಾಬಿಟ್‌ಗಳು ಸತ್ತರೆಂದು ತಿಳಿದ ಅರಗಾರ್ನ್ ಸುಟ್ಟ ಹೆಣದ ರಾಶಿಯ ಪಕ್ಕದ ಶಿರಸ್ತ್ರಾಣ ಒದ್ದು ಚೀರಿ ಮಂಡಿಯೂರುವ ದೃಶ್ಯವಿದೆ. ಒದ್ದ ರಭಸಕ್ಕೆ ನಟ ವಿಗ್ಗೊ ಮಾರ್ಟೆನ್ಸನ್‌ನ ಎರಡು ಕಾಲ್ಬೆರಳು ನಿಜವಾಗಿ ಮುರಿದವು, ಆ ಚೀರಾಟವನ್ನೇ ಜಾಕ್ಸನ್ ಉಳಿಸಿಕೊಂಡರು. ಈ ಸಂಗತಿ ನಮ್ಮ ಮನೆಯಲ್ಲಿ ಈಗ ಬೆಕ್ಕಿಗೂ ಗೊತ್ತು. ಮದುವೆಮನೆಯ ಪಂಕ್ತಿಯಲ್ಲಿ ಹೇಳಿದ್ದಾನೆ. ತನ್ನ ಮಾವ ತೀರಿಕೊಂಡಾಗ ಸ್ಮಶಾನದಿಂದ ಬರುವ ವ್ಯಾನಿನಲ್ಲೂ, ಸುಮ್ಮನೆ ಕೂತವನು ಒಮ್ಮೆಗೇ ನನ್ನ ಕಡೆ ತಿರುಗಿ ಹೇಳಿದ್ದ. ಅವತ್ತು ನನಗೆ ರೇಗಿತ್ತು. ಕಣ್ಣು ತುಂಬಿದಷ್ಟೂ ಇವನಿಗೆ ಮಾಹಿತಿ ಹೆಚ್ಚುತ್ತದೆ ಎಂದು ಅರ್ಥವಾದದ್ದು ಈ ಶನಿವಾರವೇ.

ಮೂರನೇ ಭಾಗ ಬರುವಷ್ಟರಲ್ಲಿ ಮಧ್ಯಾಹ್ನದ ಚಿತ್ರಾನ್ನ ಮುಗಿದು ರಾತ್ರಿಯ ಉಪ್ಪಿಟ್ಟೂ ಮುಗಿದಿತ್ತು. ಜ್ವಾಲಾಮುಖಿಯ ಇಳಿಜಾರಿನಲ್ಲಿ ಸ್ಯಾಮ್ ಫ್ರೋಡೋನನ್ನು ಹೆಗಲಿಗೇರಿಸಿಕೊಂಡ. "ಈ ಬೆಟ್ಟ... ನ್ಯೂಜಿಲೆಂಡಲ್ಲಿ... ನಿಜವಾಗ್ಲೂ..." ಎಂದವನು ಕೆಮ್ಮಿ, ಉಪ್ಪಿಟ್ಟಿಗೆ ಮೆಣಸಿನಕಾಯಿ ಜಾಸ್ತಿ ಎಂದು ಅಕ್ಕನ ಮೇಲೆ ಗೂಬೆ ಕೂರಿಸಿ ನೀರು ಕುಡಿಯಲು ಎದ್ದು ಹೋದ.

ಅವನು ವಾಪಸು ಬರುವಾಗ ಹದ್ದುಗಳು ಬಂದಿದ್ದವು. ಅಮ್ಮ ಬಾಯಿ ತೆರೆದರು. "ಅಲ್ಲ, ಈ ಗರುಡ ಮೊದಲೇ ಬಂದಿದ್ರೆ..."

ನಾಲ್ವರ ಮುಖವೂ ಬಿಳಿಚಿತು. ಈ ಪಂಥದಲ್ಲಿ ಕೇಳಬಾರದ ಪ್ರಶ್ನೆ ಒಂದೇ, ಅದು ಇದೇ. ಹದ್ದಿನ ಮೇಲೆ ಕೂತು ನೇರ ಹೋಗಿ ಉಂಗುರ ಎಸೆಯಬಹುದಿತ್ತಲ್ಲ ಎಂದವರ ಜೊತೆ ಇವರು ಮಾತು ಬಿಟ್ಟದ್ದುಂಟು. ಕನ್ನಡಕದ ಹೆಂಗಸಿನ ಕೈ ಆಗಲೇ ಬ್ಯಾಗಿನತ್ತ ಹೋಗಿತ್ತು. ಅಮ್ಮ ತಾವೇ ಮುಗಿಸಿದರು: "ಬಂದಿದ್ರೆ ಹನ್ನೊಂದು ಗಂಟೆಗೇ ಮಂಗಳ ಹಾಡಬೇಕಿತ್ತು. ಬೆಳಗಿನ ತನಕ ಆಟ ಎಳೀಬೇಕಲ್ಲ ಮಾರಾಯ."

ಬೊರೊಮಿರ್ ವಕೀಲ ನಿಟ್ಟುಸಿರು ಬಿಟ್ಟು, "ಇಷ್ಟು ವರ್ಷದಲ್ಲಿ ಇದಕ್ಕಿಂತ ಒಳ್ಳೇ ಉತ್ತರ ಕೇಳಿಲ್ಲ" ಎಂದ.

ಆಮೇಲೆ ಸಿನಿಮಾ ಮುಗಿಯಿತು. ಮತ್ತೆ ಮುಗಿಯಿತು. ಪಟ್ಟಾಭಿಷೇಕಕ್ಕೆ ಮುಗಿಯಿತೆಂದು ನಾನು ಎದ್ದೆ, ಕೂರಿಸಿದರು. ಸ್ಯಾಮ್ ಮದುವೆಗೆ ಎದ್ದೆ, ಕೂರಿಸಿದರು. ಕೊನೆಗೆ ಹಡಗು ಹೊರಟು, ಬಾಗಿಲು ಮುಚ್ಚಿ, ಅಕ್ಷರಗಳು ಏರತೊಡಗಿದಾಗ ಗಂಟೆ ಹನ್ನೆರಡೂಕಾಲು. ಎಲ್ಲರೂ ಹೆಲ್ಮೆಟ್ ಹುಡುಕುತ್ತಿದ್ದರು.

"ಆ ಕುದುರೆ ಏನಾಯ್ತು?" ಎಂದರು ಅಮ್ಮ.

"ಯಾವ ಕುದುರೆ, ಅತ್ತೆ?"

"ಬೆಳಗ್ಗೆ ಗುಹೆ ಬಾಗಿಲಲ್ಲಿ ಬಿಟ್ರಲ್ಲ. ಸಾಮಾನು ಹೊರೋದು. ಅದೇನೋ ಹೆಸರು, ಕರೆಂಟು ಬಿಲ್ಲಿನ ಥರ."

ಬಿಲ್. ಮೋರಿಯಾದ ಬಾಗಿಲಲ್ಲಿ ಸ್ಯಾಮ್ ಬೀಳ್ಕೊಟ್ಟ ತಟ್ಟು. ಸಿನಿಮಾದಲ್ಲಿ ಅದು ದಾರಿ ಹಿಡಿದು ಹೋದದ್ದು ಬಿಟ್ಟರೆ ಮತ್ತೆ ಸುದ್ದಿಯಿಲ್ಲ. ನಾನಂತೂ ಮರೆತೇಬಿಟ್ಟಿದ್ದೆ.

ಭಾವಮೈದುನ ಒಂದು ಕಾಲಿಗೆ ಹಾಕಿದ್ದ ಶೂ ಬಿಚ್ಚಿದ. ಬಂದು ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತ. ನಟ ಯಾರು, ಶೂಟಿಂಗ್ ಎಲ್ಲಿ, ಆಸ್ಕರ್ ಎಷ್ಟು, ಒಂದೂ ಹೇಳಲಿಲ್ಲ. ಬ್ರೀ ಎಂಬ ಊರಲ್ಲಿ ಬಿಲ್ ಫರ್ನಿ ಎಂಬ ದುಷ್ಟನಿದ್ದದ್ದು, ಅವನು ಆ ತಟ್ಟನ್ನು ಉಪವಾಸ ಕೆಡವಿ ಎಲುಬುಗೂಡು ಮಾಡಿದ್ದು, ಮೂರು ಪಟ್ಟು ಬೆಲೆ ಹೇಳಿ 12 ಬೆಳ್ಳಿನಾಣ್ಯಕ್ಕೆ ಮಾರಿದ್ದು, ಸ್ಯಾಮ್ ಅದನ್ನು ಸಾಕಿ ಮೈದುಂಬಿಸಿದ್ದು, ಎಲ್ಲ ಹೇಳಿದ. ಗುಹೆಯ ಬಾಗಿಲಿಂದ ಅದು ತೋಳಗಳ ಕಾಡು ದಾಟಿ ತಾನೇ ದಾರಿ ಹುಡುಕಿಕೊಂಡು ಬ್ರೀಗೆ ಮರಳಿತ್ತು. ಯುದ್ಧ ಮುಗಿಸಿ ಬಂದ ಸ್ಯಾಮ್ ಅದರ ಬೆನ್ನೇರಿಯೇ ಊರಿಗೆ ಹೋದ.

"ಊರ ಬಾಗಿಲಲ್ಲಿ ಅದೇ ದುಷ್ಟ ಎದುರಾದ, ಅತ್ತೆ. ಓಡಿಹೋಗ್ತಿದ್ದವನಿಗೆ ಬಿಲ್ ಹಿಂಗಾಲಲ್ಲಿ ಒದ್ದುಬಿಡ್ತು."

"ಒದ್ದಿತಾ!" ಅಮ್ಮ ಎರಡೂ ಕೈ ಕೂಡಿಸಿ ಚಪ್ಪಾಳೆ ತಟ್ಟಿದರು. ಮಡಿಲಿನ ಹೂಬತ್ತಿಯೆಲ್ಲ ಚೆಲ್ಲಿತು. "ಎಲ್ಲಿಗೆ ಒದ್ದಿತು?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳುವುದು ಮರೆತಿದ್ದ. "ತಾಳಿ ಅತ್ತೆ, ನೋಡಿ ಹೇಳ್ತೀನಿ" ಎಂದು ಕೈ ಚಾಚಿದ. ಕನ್ನಡಕದ ಹೆಂಗಸು ಹೆಲ್ಮೆಟ್ ತೆಗೆದಿಟ್ಟು, ಬ್ಯಾಗಿನಿಂದ ಮೂರನೇ ಸಂಪುಟ ಎಳೆದರು. ಹಸಿರು ಚೀಟಿಯ ಪುಟಕ್ಕೆ ನಾಲ್ಕು ತಲೆಗಳು ಬಾಗಿದವು. ನನ್ನ ಹೆಂಡತಿ ಮತ್ತೆ ಕಾಫಿಗೆ ನೀರಿಟ್ಟಳು.